ಕೂಸು ಮೊದಲು, ಗಂಟು ಆಮೇಲೆ



ಹಿಂದೆ ನಮ್ಮ ಕಡೆ ಮಾನವಿಯ ಹೆಣ್ಣುಮಗಳನ್ನು ದೇವದುರ್ಗಕ್ಕೆ ಕೊಟ್ಟರೆ ಅದನ್ನೇ ದೂರದ ಸಂಬಂಧವೆನ್ನುತ್ತಿದ್ದರು. ಬಾಣಂತನ ಮುಗಿದು ಮಗಳನ್ನು ಕೂಸಿನ ಸಂಗಡ ಗಂಡನ ಮನೆಗೆ ಕಳುಹಿಸುವ ದಿನ ಸವಾರಿ ಬಂಡಿಯಲ್ಲಿ ಮೆತ್ತಗೆ ಹುಲ್ಲು ಹರವಿ, ಮೇಲೆ ಕೌದಿ ಹಾಸಿ, ಬಿಸಿಲೇರುವ ಮೊದಲೇ ಹೊರಡುತ್ತಿದ್ದರು. ದಾರಿಯಲ್ಲಿ ಕೂಸು ಅತ್ತರೆ ಬಂಡಿ ನಿಲ್ಲುತ್ತಿತ್ತು. ಬೇವಿನ ನೆರಳಿನಲ್ಲಿ ಎತ್ತುಗಳಿಗೆ ನೀರು ಕುಡಿಸಿ, ತಾಯಿ ಕೂಸಿಗೆ ಹಾಲೂಡಿಸಿ, ಕೂಸು ಕಣ್ಣು ಮುಚ್ಚಿದ ಮೇಲೆಯೇ ಗಾಲಿಗಳು ಉರುಳುತ್ತಿದ್ದವು.

ಇಂದು ಅದೇ ಮಾನವಿ, ದೇವದುರ್ಗಗಳ ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ್ದಾರೆ. ಕೆಲವರು ಸಮುದ್ರವನ್ನೂ ದಾಟಿದ್ದಾರೆ. ಮೊಮ್ಮಕ್ಕಳು ವರ್ಷಕ್ಕೊಮ್ಮೆ ವಿಮಾನದಲ್ಲಿ ಬಂದು ಹೋಗುತ್ತಾರೆ. ಕೂಸು ಅತ್ತಿತೆಂದು ವಿಮಾನ ನಿಲ್ಲುವುದಿಲ್ಲ. ಇಷ್ಟು ಸರಳವಾದ ಮಾತನ್ನು ನಾವು ತಡವಾಗಿ ಕಲಿತೆವು. ಅದರ ನೋವನ್ನು ಉಂಡದ್ದು ಮಾತ್ರ ಹತ್ತು ತಿಂಗಳ ನಮ್ಮ ಮೊಮ್ಮಗಳು. ಬೇರೊಂದು ಮನೆಯಲ್ಲಿ ಹೀಗಾಗದಿರಲಿ ಎಂಬ ಕಾರಣದಿಂದ ನಮ್ಮದೇ ಮನೆಯ ತಪ್ಪನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇವೆ.

2023ರ ಡಿಸೆಂಬರ್ ತಿಂಗಳು. ನಮ್ಮ ಮಗಳು ಮತ್ತು ಅಳಿಯಂದಿರು ದೆಹಲಿಯಲ್ಲಿದ್ದಾರೆ. ಅವರಿಗೆ ನಾಲ್ಕು ವರ್ಷದ ಮಗ, ಹತ್ತು ತಿಂಗಳ ಮಗಳು. ಕೂಸಿನ ಜಾವಳವನ್ನು ದೇವದುರ್ಗದಲ್ಲಿ ಬೀಗರ ಮನೆಯಲ್ಲಿ ಮಾಡುವುದೆಂದು ನಿಶ್ಚಯವಾಗಿತ್ತು. ಅಳಿಯಂದಿರಿಗೆ ಮುಂಚಿತವಾಗಿ ರಜೆ ದೊರೆಯದ ಕಾರಣ, ಮಗಳನ್ನೂ ಮಕ್ಕಳನ್ನೂ ಕರೆತರಲು ನಾವು ದಂಪತಿಗಳು ಹೊರಟೆವು. ರಾಯಚೂರಿನ ಯರಮರಸ್‌ನಲ್ಲಿ ವಿಮಾನ ನಿಲ್ದಾಣವಾಗಬೇಕೆಂಬುದು ನಮ್ಮ ಭಾಗದ ಹಳೆಯ ಬೇಡಿಕೆ. ಅದು ಈಡೇರುವವರೆಗೆ ನಮಗೆ ಹೈದರಾಬಾದಿನ ಶಂಷಾಬಾದೇ ಗತಿ. ಕೃಷ್ಣೆಯನ್ನು ದಾಟಿ, ಮಕ್ತಲ್, ಮಹಬೂಬನಗರ, ಜಡಚರ್ಲಾಗಳ ಮೇಲೆ ನಾಲ್ಕು ಗಂಟೆಗಳ ಕಾರಿನ ದಾರಿ. ದೇವದುರ್ಗದವರಿಗೂ ಮಾನವಿಯವರಿಗೂ ರಾಯಚೂರು ಮುಟ್ಟಲು ಅದರ ಮೇಲೆ ಇನ್ನೊಂದು ಗಂಟೆ ಬೇಕು. ಆಕಾಶದಲ್ಲಿ ಎರಡು ಗಂಟೆಯ ಪ್ರಯಾಣವೆಂದು ನಾವು ಹೇಳಿಕೊಳ್ಳುತ್ತೇವೆ; ಕೂಸಿನ ಲೆಕ್ಕದಲ್ಲಿ ಅದು ಬೆಳಗಿನಿಂದ ರಾತ್ರಿಯವರೆಗಿನ ಪ್ರಯಾಣ. ಹೊರಡುವ ಮುನ್ನ ಮನೆಯಿಂದ ಮನೆಗೆ ಎಷ್ಟು ಗಂಟೆಯಾಗುವುದೆಂದು ಬೆರಳೆಣಿಸಿ ನೋಡಬೇಕು. ಊಟ, ನಿದ್ದೆ, ಬಟ್ಟೆಗಳ ಸಿದ್ಧತೆ ಆ ಲೆಕ್ಕಕ್ಕೆ ತಕ್ಕಂತಿರಬೇಕು.

ಹೋಗುವಾಗಲೇ ಒಂದು ಪಾಠವಾಯಿತು. ಮಗಳಿಗೆ ಉಡಿ ತುಂಬಬೇಕೆಂದು ನಮ್ಮ ಮನೆಯವರು ಒಣಕೊಬ್ಬರಿಯ ಬಟ್ಟಲುಗಳನ್ನೂ, ಶೇಂಗಾ ಹಿಂಡಿ, ಖಾರದ ಪುಡಿಗಳನ್ನೂ ಕಟ್ಟಿಕೊಂಡಿದ್ದರು. ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿ ಒಣಕೊಬ್ಬರಿಯನ್ನು ಇಡಲು ಅನುಮತಿಯಿಲ್ಲ. ಅದರಲ್ಲಿ ಎಣ್ಣೆಯಂಶ ಹೆಚ್ಚಾಗಿರುವುದರಿಂದ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದು ಸೇರಿದೆ. ಖಾರದ ಪುಡಿಯನ್ನು ಕೈಚೀಲದಲ್ಲಿ ಒಯ್ಯಲಾಗದು. ದೊಡ್ಡ ಪೆಟ್ಟಿಗೆಯಲ್ಲಿಯೇ ಇಡಬೇಕು. ಪೆಟ್ಟಿಗೆ ಬಿಚ್ಚಿ, ಕೊಬ್ಬರಿ ತೆಗೆದು, ಮತ್ತೆ ಕಟ್ಟುವಷ್ಟರಲ್ಲಿ ನಮಗೆ ಬೆವರಿಳಿಯಿತು. ಅಂದು ಮಕ್ಕಳು ಜೊತೆಗಿರಲಿಲ್ಲವಾದ್ದರಿಂದ ಸರಿಹೋಯಿತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಆ ಸಾಲಿನಲ್ಲಿ ಗಂಟು ಬಿಚ್ಚುವ ತಾಯಿಯ ಪಾಡನ್ನು ನೆನೆದುಕೊಳ್ಳಿರಿ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಪ್ರಯಾಣಿಕರಿಗೆ ದೊಡ್ಡ ಸಾಮಾನು ಹೆಚ್ಚಾಗಿ 15 ಕಿಲೋ, ಕೈಚೀಲ 7 ಕಿಲೋ. ಪ್ರೀತಿಯನ್ನು ತೂಕದಲ್ಲಿ ತೋರಿಸುವುದು ನಮ್ಮ ಕಡೆಯ ಪದ್ಧತಿ. ಮಕ್ಕಳೊಂದಿಗೆ ಹೋಗುವ ದಿನ ಅದನ್ನು ತುಸು ಬದಿಗಿಡುವುದು ಲೇಸು.

ನಮ್ಮ ಮನೆಯವರು ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿ ಧರಿಸುತ್ತಾರೆ. ತಪಾಸಣೆಯ ಬಾಗಿಲಿನಲ್ಲಿ ಯಂತ್ರ ಸದ್ದು ಮಾಡಿದಾಗ ಅವರು ಗಾಬರಿಗೊಂಡರು. ಅಲ್ಲಿದ್ದ ಮಹಿಳಾ ಸಿಬ್ಬಂದಿಗೆ ಇದು ನಮ್ಮ ಪೂಜೆಯ ಲಿಂಗವೆಂದು ಶಾಂತವಾಗಿ ತಿಳಿಸಿದೆವು. ಅವರು ಪರದೆಯ ಹಿಂದೆ ಕರೆದೊಯ್ದು, ಗೌರವದಿಂದಲೇ ಪರೀಕ್ಷಿಸಿ ಕಳುಹಿಸಿದರು. ಹಿರಿಯರಿದ್ದ ಮನೆಯವರು ಇದಕ್ಕಾಗಿ ಹತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಂಡರೆ ಅವಸರಕ್ಕೆ ಅವಕಾಶವಿರುವುದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ದೆಹಲಿಯ ಚಳಿಗೆ ಕೂಸಿಗೆ ನೆಗಡಿಯಾಗಿತ್ತು. ಹೊರಡುವ ಹಿಂದಿನ ದಿನ ಮೂಗು ಪೂರ್ತಿ ಕಟ್ಟಿ, ರಾತ್ರಿಯೆಲ್ಲ ಹಾಲು ಕುಡಿಯಲು ಒದ್ದಾಡಿತು. ಬೆಳಿಗ್ಗೆ ಮಗಳು, "ಅಪ್ಪಾ, ಡಾಕ್ಟರಿಗೆ ಒಂದು ಸಲ ತೋರಿಸಿ, ಎರಡು ದಿನ ಬಿಟ್ಟು ಹೋದರೆ ಹೆಂಗ?" ಎಂದಳು. ಅರ್ಧ ಮಾತು ಬಾಯಲ್ಲಿ, ಅರ್ಧ ಮಾತು ಕಣ್ಣಿನಲ್ಲಿ. ನಾವು, "ನೆಗಡಿ ಯಾವ ಕೂಸಿಗೆ ಬರಂಗಿಲ್ಲವ್ವಾ? ಅಲ್ಲಿ ಬೀಗರು ಇನ್ನೂರು ಮಂದಿಗೆ ಹೇಳಿದ್ದಾರ. ದಿನ ಗೊತ್ತಾಗೇದ" ಎಂದೆವು. ಮಗಳು ಸುಮ್ಮನಾದಳು. ಸುಮ್ಮನಾದದ್ದನ್ನು ಒಪ್ಪಿಗೆಯೆಂದು ತಿಳಿದದ್ದು ನಮ್ಮ ಮೊದಲನೆಯ ತಪ್ಪು.

ಶಿವನನ್ನು ನೆನೆದ ಗಳಿಗೆಯೇ ಶುಭಗಳಿಗೆ, ಅದಕ್ಕೆ ಬೇರೆ ಮುಹೂರ್ತ ಬೇಕಿಲ್ಲವೆಂಬುದು ಶರಣರು ಕೊಟ್ಟ ತಿಳಿವು. ಸಭೆಗಳಲ್ಲಿ ನಾವೂ ಅದನ್ನು ಹೇಳಿದವರೇ. ಆದರೆ ನಮ್ಮ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಬಿದ್ದಿತ್ತು. ಆ ಗುರುತು ಕೂಸಿನ ಮೂಗಿಗಿಂತ ದೊಡ್ಡದಾಗಿ ಕಂಡಿತು.

ಚಳಿಗಾಲದಲ್ಲಿ ದೆಹಲಿಯ ಮಂಜು ಪ್ರಸಿದ್ಧವಾದುದು. ಡಿಸೆಂಬರ್, ಜನವರಿಗಳಲ್ಲಿ ಬೆಳಗಿನ ವಿಮಾನಗಳು ತಡವಾಗುವುದು ಅಲ್ಲಿ ವಾಡಿಕೆ. ನಮ್ಮ ವಿಮಾನವೂ ನಾಲ್ಕು ಗಂಟೆ ತಡವಾಯಿತು. ಮಂಜಿಗೆ ಯಾರನ್ನೂ ದೂರುವಂತಿಲ್ಲ. ಆದರೆ ನಾವು ಕೂಸಿನ ಗಂಜಿಯನ್ನು ಒಂದೇ ಹೊತ್ತಿಗೆ ಆಗುವಷ್ಟು ತಂದಿದ್ದೆವು. ಬದಲಿ ಬಟ್ಟೆಗಳು ದೊಡ್ಡ ಪೆಟ್ಟಿಗೆಯಲ್ಲಿದ್ದವು, ಪೆಟ್ಟಿಗೆ ಆಗಲೇ ಒಳಗೆ ಹೋಗಿತ್ತು. ಹಿರಿಯ ಮೊಮ್ಮಗ ವಿಮಾನದ ರೆಕ್ಕೆ ಹಕ್ಕಿಯಂತೆ ಏಕೆ ಬಡಿದುಕೊಳ್ಳುವುದಿಲ್ಲವೆಂದು ಕೇಳಿ ಕೇಳಿ, ಕೊನೆಗೆ ನೆಲದ ಮೇಲೆಯೇ ಮಲಗಿದನು. ದೊಡ್ಡ ವಿಮಾನ ನಿಲ್ದಾಣಗಳಲ್ಲಿ ತಾಯಂದಿರು ಹಾಲೂಡಿಸಲು, ಬಟ್ಟೆ ಬದಲಿಸಲು ಪ್ರತ್ಯೇಕ ಕೋಣೆಗಳಿರುತ್ತವೆ. ನಾವು ಕೇಳಲಿಲ್ಲ, ಕೇಳಲು ಸಂಕೋಚಪಟ್ಟೆವು. ಮಗಳು ಸೆರಗಿನ ಮರೆಯಲ್ಲಿ, ಜನರ ನಡುವೆ, ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

ವಿಮಾನ ಮೇಲೇರುವಾಗ ಕೂಸು ತಾಯಿಯ ಹಾಲು ಕುಡಿಯುತ್ತಿದ್ದುದರಿಂದ ತೊಂದರೆಯೇನೂ ಆಗಲಿಲ್ಲ. ಆಮೇಲೆ ದಣಿದು ಮಲಗಿತು. ಹೈದರಾಬಾದು ಸಮೀಪಿಸಿ ವಿಮಾನ ಇಳಿಯತೊಡಗಿದಾಗ ಮಗಳು ಎಬ್ಬಿಸಬೇಕೆಂದಳು. "ಮಲಗಿದ ಕೂಸನ್ನು ಯಾಕೆ ಎಬ್ಬಿಸತಿ?" ಎಂದು ನಾವೇ ತಡೆದೆವು. ಇದು ಎರಡನೆಯ ತಪ್ಪು. ಐದು ನಿಮಿಷದಲ್ಲಿ ಕೂಸು ಚೀರಿ ಎದ್ದಿತು. ಅಂಥ ಅಳುವನ್ನು ನಾವು ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ಕಿವಿಯನ್ನು ಕೈಯಿಂದ ಹಿಡಿದು ತಲೆಯನ್ನು ಅತ್ತಿತ್ತ ಹೊರಳಿಸುತ್ತಿತ್ತು. ಹಾಲನ್ನು ಬಾಯಿಗೂ ಮುಟ್ಟಿಸಿಕೊಳ್ಳಲಿಲ್ಲ. ಮುಂದಿನವರು ತಿರುಗಿ ನೋಡಿದರು. ನಮಗೆ ಆಗ ಕೂಸಿನ ನೋವಿಗಿಂತ ಮಂದಿಯ ಕಣ್ಣು ಹೆಚ್ಚು ಚುಚ್ಚಿತೆಂಬುದನ್ನು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಇಳಿದ ಮೇಲೆ ಅಳು ತುಸು ಇಳಿಯಿತು, ನಿಲ್ಲಲಿಲ್ಲ. ಜಡಚರ್ಲಾ ಬಂದಿತು, ಮಹಬೂಬನಗರ ಬಂದಿತು. ಎರಡೂ ಕಡೆ ವೈದ್ಯರಿದ್ದರು. "ಊರಿಗೆ ಹೋಗಿ ತೋರಿಸೋಣ" ಎಂದು ಕಾರನ್ನು ನಿಲ್ಲಿಸಲಿಲ್ಲ. ಸವಾರಿ ಬಂಡಿಯ ಕಾಲದ ಹಿರಿಯರು ಕಣ್ಣಿಗೆ ಕಟ್ಟಿದಂತಾಗಿ ಈ ಮಾತನ್ನು ಬರೆಯುವಾಗಲೂ ಲೇಖನಿ ನಿಲ್ಲುತ್ತದೆ. ವಿಮಾನವೇನೋ ನಿಲ್ಲಲಾರದು. ಕಾರು ನಿಲ್ಲುತ್ತಿತ್ತು. ನಾವು ನಿಲ್ಲಿಸಲಿಲ್ಲ.

ಶಕ್ತಿನಗರದ ಹತ್ತಿರ ಕೃಷ್ಣೆಯ ಸೇತುವೆಯನ್ನು ದಾಟುವಾಗ ಕತ್ತಲಾಗಿತ್ತು. ರಾಯಚೂರಿನ ಮನೆ ಸೇರಿ, ನಡುರಾತ್ರಿಯ ಹೊತ್ತಿಗೆ ಕೂಸಿನ ಅಳು ತಟ್ಟನೆ ನಿಂತಿತು. ಗುಣವಾಯಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟೆವು. ಸ್ವಲ್ಪ ಹೊತ್ತಿನ ಮೇಲೆ ಮಗಳು ದೀಪ ಹಾಕಿ ನೋಡಿದರೆ ಕೂಸಿನ ತಲೆದಿಂಬು ತೇವವಾಗಿತ್ತು. ಕಿವಿಯಿಂದ ನೀರಿನಂಥ, ನಸುಗೆಂಪಿನ ಸೋರಿಕೆ. ನಮ್ಮ ಮನೆಯವರು ಅಡಿಗೆಮನೆಗೆ ಹೋಗಿ ಬಳ್ಳೊಳ್ಳಿ ಹಾಕಿ ಎಣ್ಣೆ ಕಾಸಿ ತಂದರು. ನಮ್ಮ ಮನೆತನದಲ್ಲಿ ಕಿವಿನೋವಿಗೆ ಅದೇ ಮದ್ದು. ಆಗ ಮಗಳು ಕೂಸಿನ ಕಿವಿಯ ಮೇಲೆ ತನ್ನ ಕೈಯನ್ನು ಮುಚ್ಚಿ ಹಿಡಿದು, "ಬ್ಯಾಡವ್ವಾ. ಹಾಕಬ್ಯಾಡ. ದಿಲ್ಲ್ಯಾಗೂ ನಾನು ಸುಮ್ಮಕಾದೆ. ಈಗ ಸುಮ್ಮಕಾಗಂಗಿಲ್ಲ" ಎಂದಳು.

ಆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನಮ್ಮ ಮನೆಯವರು ಎಣ್ಣೆಯ ಬಟ್ಟಲನ್ನು ಕೆಳಗಿಟ್ಟರು.

ಬೆಳಿಗ್ಗೆ ಕಿವಿ-ಮೂಗು-ಗಂಟಲಿನ ವೈದ್ಯರಲ್ಲಿಗೆ ಹೋದೆವು. ಕಿವಿಯ ತಮಟೆಯಲ್ಲಿ ಸಣ್ಣ ರಂಧ್ರವಾಗಿದೆ, ಎಣ್ಣೆ ಹಾಕದಿದ್ದುದು ಬಹಳ ಒಳ್ಳೆಯದಾಯಿತು ಎಂದರು. ಸೋರುವ ಕಿವಿಯಲ್ಲಿ ಎಣ್ಣೆಯಾಗಲಿ ನೀರಾಗಲಿ ಬಿದ್ದರೆ ಸೋಂಕು ಒಳಗೆ ಇಳಿಯುವುದು. ಹಿಂದಿನ ರಾತ್ರಿ ಅಳು ನಿಂತುದಕ್ಕೆ ಕಾರಣವೂ ತಿಳಿಯಿತು: ಒಳಗೆ ತುಂಬಿದ್ದ ಒತ್ತಡ ತಮಟೆಯನ್ನು ಹರಿದು ಹೊರಬಂದಾಗ ನೋವು ಕಡಿಮೆಯಾಗುತ್ತದೆ. ನಾವು ಗುಣವೆಂದು ತಿಳಿದದ್ದು ಗಾಯವಾಗಿತ್ತು. ಇಂಥ ರಂಧ್ರ ಹೆಚ್ಚಾಗಿ ಕೆಲವು ವಾರಗಳಲ್ಲಿ ತಾನಾಗಿ ಕೂಡುತ್ತದೆ, ಕಿವಿಯನ್ನು ಒಣಗಿಸಿಟ್ಟು ಔಷಧ ಕೊಡಬೇಕು, ತಪ್ಪದೆ ಮತ್ತೆ ತೋರಿಸಬೇಕು ಎಂದರು. ನಾಳೆ ದೇವದುರ್ಗದಲ್ಲಿ ಜಾವಳವಿದೆಯೆಂದಾಗ ಅವರು ನಮ್ಮ ಮುಖವನ್ನು ನೋಡಿ, "ಕೂಸಿಗೆ ಕೇಳಿದ್ದೀರೇನು?" ಎಂದಷ್ಟೇ ಕೇಳಿದರು.

ಬೀಗರಿಗೆ ಫೋನು ಮಾಡಲು ನಮಗೆ ಕೈ ಬರಲಿಲ್ಲ. ಅಡುಗೆಯವರು ಬಂದಿಳಿದಿದ್ದಾರೆ, ಹೂರಣ ಕುದಿಯುತ್ತಿದೆ, ನಂಟರು ಸೇರುತ್ತಿದ್ದಾರೆ. ಕೊನೆಗೆ ಅಂಜುತ್ತಲೇ ಹೇಳಿದೆವು. ಆ ಕಡೆಯಿಂದ ಬೀಗಿತಿಯವರು ಅಂದ ಮಾತು ಇದು: "ಕೂದಲು ಎಲ್ಲಿಗಿ ಹೋಗತಾವರೀ? ಇವತ್ತಿಲ್ಲ ನಾಳಿ ತೆಗದ್ರಾತು. ಮದಲ ಕೂಸಿನ್ನ ನೋಡ್ರಿ." ಎರಡು ದಿನಗಳಿಂದ ನಾವು ಹೆದರಿದ್ದು ಯಾರಿಗೆ? ಬೀಗರ ಹೆಸರಿನಲ್ಲಿ ನಮ್ಮದೇ ಪ್ರತಿಷ್ಠೆಗೆ ಹೆದರಿದ್ದೆವು. ದೇವದುರ್ಗದಲ್ಲಿ ಸಿದ್ಧವಾದ ಅಡುಗೆಯನ್ನು ಮರುದಿನ ಬಂದ ನಂಟರೂ ಓಣಿಯ ಮಕ್ಕಳೂ ಕುಳಿತು ಉಂಡರು. ಜಾವಳಕ್ಕೆಂದು ಮಾಡಿದ ಹೋಳಿಗೆ ದಾಸೋಹವಾಯಿತು.

ವೈದ್ಯರು ತಿಳಿಸಿದ ಸಂಗತಿಗಳನ್ನು ತಾಯಂದಿರಿಗೂ, ವಿಶೇಷವಾಗಿ ನಮ್ಮಂಥ ಅಜ್ಜ-ಅಜ್ಜಿಯರಿಗೂ ಉಪಯೋಗವಾಗಲೆಂದು ಬರೆಯುತ್ತೇವೆ. ವಿಮಾನ ಮೂವತ್ತು ಸಾವಿರ ಅಡಿಗೂ ಮೇಲೆ ಹಾರುವಾಗ ಒಳಗಿನ ಗಾಳಿಯ ಒತ್ತಡವು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಊಟಿಯು ಸುಮಾರು 7,350 ಅಡಿ ಎತ್ತರದಲ್ಲಿದೆ. ಎಂದರೆ ರಾಯಚೂರಿನ ಬಯಲಿನಿಂದ ಅರ್ಧ ಗಂಟೆಯೊಳಗೆ ಊಟಿಗೆ ಏರಿ, ಮತ್ತೆ ಅರ್ಧ ಗಂಟೆಯಲ್ಲಿ ಇಳಿದಂತೆ. ಕಿವಿಯನ್ನೂ ಗಂಟಲನ್ನೂ ಕೂಡಿಸುವ ಒಂದು ಸಣ್ಣ ನಾಳವಿದೆ. ನುಂಗುವಾಗ, ಆಕಳಿಸುವಾಗ ಅದು ತೆರೆದು ಒಳ-ಹೊರಗಿನ ಒತ್ತಡವನ್ನು ಸಮ ಮಾಡುತ್ತದೆ. ಚಿಕ್ಕ ಮಕ್ಕಳಲ್ಲಿ ಆ ನಾಳ ಕಿರಿದು, ಹೆಚ್ಚು ಅಡ್ಡವಾಗಿ ಇರುತ್ತದೆ. ನೆಗಡಿಯಾದರೆ ಬಾತು ಮುಚ್ಚಿಕೊಳ್ಳುತ್ತದೆ. ಏರುವಾಗಿಗಿಂತ ಇಳಿಯುವಾಗಲೇ ಕಷ್ಟ ಹೆಚ್ಚು. ನಿದ್ದೆಯಲ್ಲಿ ನುಂಗುವುದು ಕಡಿಮೆಯಾದ್ದರಿಂದ ಇಳಿಯುವ ಸೂಚನೆ ಬಂದೊಡನೆ ಕೂಸನ್ನು ಎಬ್ಬಿಸಿ ಹಾಲೂಡಿಸಬೇಕು. ನಮ್ಮ ಮಗಳು ಹೇಳಿದ್ದೇ ಸರಿಯಾಗಿತ್ತು. ದೊಡ್ಡ ಮಕ್ಕಳಿಗೆ ಗುಟುಕು ಗುಟುಕಾಗಿ ನೀರು ಕೊಡಬಹುದು, ಅಗಿಯಲು ಏನಾದರೂ ಕೊಡಬಹುದು. ನೆಗಡಿ, ಕಿವಿನೋವು, ಜ್ವರವಿದ್ದರೆ ವೈದ್ಯರನ್ನು ಕೇಳದೆ ವಿಮಾನ ಹತ್ತಿಸಬಾರದು. ಅಳಬಾರದೆಂದು, ಮಲಗಲೆಂದು ಕೆಮ್ಮಿನ ಔಷಧ ಕುಡಿಸುವವರೂ ಉಂಟು. ಅದು ಕೂಸಿನ ಉಸಿರಿಗೇ ಅಪಾಯ ತರಬಲ್ಲದು, ಎಂದಿಗೂ ಮಾಡಬಾರದು.

ಟಿಕೆಟ್ಟಿನ ವಿಷಯದಲ್ಲಿಯೂ ಕೆಲವು ಮಾತುಗಳಿವೆ. ಎರಡು ವರ್ಷ ತುಂಬದ ಕೂಸಿಗೆ ವಿಮಾನದಲ್ಲಿ ಬೇರೆ ಆಸನವಿಲ್ಲದೆ ತೊಡೆಯ ಮೇಲೆ ಕೂರಿಸಿಕೊಂಡು ಹೋಗಬಹುದು. ಒಬ್ಬ ಹಿರಿಯರ ತೊಡೆಗೆ ಒಂದೇ ಕೂಸು. ಹೋಗುವಾಗ ಎರಡು ತುಂಬದೆ, ಬರುವಾಗ ತುಂಬಿದ್ದರೆ ಬರುವ ದಾರಿಗೆ ಆಸನ ಕೊಳ್ಳಬೇಕಾಗುತ್ತದೆ. ವಯಸ್ಸಿನ ಆಧಾರಕ್ಕಾಗಿ ಜನನ ಪ್ರಮಾಣಪತ್ರದ ಪ್ರತಿ ಕೈಯಲ್ಲಿರಲಿ. ವಿದೇಶಕ್ಕೆ ಹೋಗುವುದಾದರೆ ಹಸುಗೂಸಿಗೂ ಬೇರೆಯೇ ಪಾಸ್‌ಪೋರ್ಟ್ ಬೇಕು. ಮಕ್ಕಳ ಪಾಸ್‌ಪೋರ್ಟಿಗೆ ಐದು ವರ್ಷದ ಅವಧಿ. ವಿದೇಶದ ವಿಮಾನಗಳಲ್ಲಿ ಕೈಚೀಲದ ದ್ರವಪದಾರ್ಥಗಳಿಗೆ 100 ಮಿಲಿಲೀಟರಿನ ಮಿತಿಯಿದ್ದರೂ ಪ್ರಯಾಣಕ್ಕೆ ಬೇಕಾಗುವಷ್ಟು ಕೂಸಿನ ಹಾಲು, ಆಹಾರ, ಔಷಧಗಳಿಗೆ ವಿನಾಯಿತಿಯುಂಟು. ತಪಾಸಣೆಯಲ್ಲಿ ಮೊದಲೇ ತೆಗೆದು ತೋರಿಸಬೇಕು. ರೈಲಿನಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಬೇರೆ ಸ್ಥಳ ಕೇಳದಿದ್ದರೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡರೊಳಗಿನವರಿಗೆ ಪ್ರತ್ಯೇಕ ಬರ್ತ್ ಬೇಕಾದರೆ 2016ರಿಂದ ಪೂರ್ಣ ದರ ಕೊಡಬೇಕಾಗಿದೆ.

ಕಾರಿನಲ್ಲಿ ಕೂಸನ್ನು ಮುಂದಿನ ಆಸನದಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಗಾಡಿ ಒಮ್ಮೆಲೇ ನಿಂತಾಗ ಎಷ್ಟು ಬಲವಾದ ಕೈಯೂ ಕೂಸನ್ನು ಹಿಡಿಯಲಾರದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಹದಿನಾಲ್ಕರೊಳಗಿನ ಮಕ್ಕಳಿಗೆ ಪಟ್ಟಿಯನ್ನೋ ಮಕ್ಕಳ ಆಸನವನ್ನೋ ಬಳಸದಿದ್ದರೆ ಸಾವಿರ ರೂಪಾಯಿ ದಂಡವುಂಟು. ದಂಡಕ್ಕೆ ಅಂಜುವುದಕ್ಕಿಂತ ಮಗುವಿಗಾಗಿ ಅಂಜುವುದು ಒಳ್ಳೆಯದು. ಬೇಸಿಗೆಯಲ್ಲಿ ನಮ್ಮ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಮಕ್ಕಳೊಂದಿಗೆ ನಸುಕಿನಲ್ಲಿಯೇ ಹೊರಡಬೇಕು. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಒಂದು ಗಳಿಗೆಯೂ ಬಿಟ್ಟು ಹೋಗಬಾರದು.

ನಾಲ್ಕು ವಾರಗಳ ಬಳಿಕ ವೈದ್ಯರು ಕಿವಿಯನ್ನು ನೋಡಿ ರಂಧ್ರ ಕೂಡಿದೆಯೆಂದರು. ಅಂದು ಮನೆಗೆ ಬಂದು ನಮ್ಮ ಮನೆಯವರು ಕೂಸಿನ ಬೆನ್ನ ಹಿಂದೆ ಕುಳಿತು ಕಾಲ್ಗೆಜ್ಜೆಯನ್ನು ಮೆಲ್ಲಗೆ ಅಲುಗಿಸಿದರು. ಕೂಸು ಹೊರಳಿ ನೋಡಿ ನಕ್ಕಿತು. ಎಡಗಡೆಯಿಂದ ಒಮ್ಮೆ, ಬಲಗಡೆಯಿಂದ ಒಮ್ಮೆ, ಮತ್ತೊಮ್ಮೆ. ಎಷ್ಟು ಸಲ ಅಲುಗಿಸಿದರೂ ಅವರಿಗೆ ಸಾಕೆನಿಸಲಿಲ್ಲ.

ಜಾವಳವು ಒಂದು ಸೋಮವಾರ ದೇವದುರ್ಗದಲ್ಲಿ ಮನೆಮಂದಿಯಷ್ಟೇ ಕೂಡಿ ನಡೆಯಿತು. ಯಾರೂ ಮುಹೂರ್ತ ನೋಡಲಿಲ್ಲ. ಕೂಸು ಉಂಡು, ಮಲಗಿ, ನಗುತ್ತ ಎದ್ದ ಹೊತ್ತೇ ಮುಹೂರ್ತವಾಯಿತು.

ದೆಹಲಿಗೆ ಮರಳುವಾಗ ಹೇಗೆ ಹೋಗಬೇಕೆಂಬುದನ್ನು ಮಗಳಿಗೇ ಬಿಟ್ಟೆವು. ಅವಳು ರೈಲನ್ನು ಆರಿಸಿದಳು. ರಾಯಚೂರು ಹಳೆಯ ರೈಲೂರು. ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ನಮ್ಮ ಊರಿನಲ್ಲಿಯೇ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಮೂವತ್ತು ಗಂಟೆಯ ಪ್ರಯಾಣವಾದರೂ ಕೂಸು ಅತ್ತರೆ ಎತ್ತಿಕೊಂಡು ಅಡ್ಡಾಡಬಹುದು, ಕಿವಿಗೆ ಭಾರವಿಲ್ಲ ಎಂಬುದು ಅವಳ ಲೆಕ್ಕ.

ಆ ರಾತ್ರಿ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಪಕ್ಕದಲ್ಲಿ ಒಂದು ಕುಟುಂಬ ಕುಳಿತಿತ್ತು. ದೇವದುರ್ಗ ತಾಲೂಕಿನವರು, ಕಟ್ಟಡದ ಕೆಲಸಕ್ಕಾಗಿ ಪುಣೆಯ ಕಡೆ ಗುಳೆ ಹೊರಟವರು. ದೊಡ್ಡ ದೊಡ್ಡ ಗಂಟುಗಳು, ಒಂದು ಕೊಡ, ಎರಡು ಮಕ್ಕಳು. ತಾಯಿಗೆ ಇಪ್ಪತ್ತೆರಡು ವರ್ಷವಿದ್ದೀತು. ಹಳೆಯ ಸೀರೆಯಿಂದ ಕೂಸನ್ನು ಎದೆಗೆ ಕಟ್ಟಿಕೊಂಡಿದ್ದಳು. ನಡುವಿಗೆ ಬೇರೊಂದು ಸಣ್ಣ ಗಂಟು. ನಮ್ಮ ಮಗಳು ಕುತೂಹಲದಿಂದ ಅದರಲ್ಲಿ ಏನಿದೆಯೆಂದು ಕೇಳಿದಳು. ಆಕೆ ಬಿಚ್ಚಿ ತೋರಿಸಿದಳು: ಎರಡು ಬಟ್ಟೆ, ಒಂದು ಲೋಟ, ಪುಟಾಣಿ ಹಿಟ್ಟಿನ ಪೊಟ್ಟಣ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ತಾಯಿ ಕಾರ್ಡು. "ದೊಡ್ಡ ಗಂಟು ಹೋದ್ರ ಹೋಗಲಿರೀ ಅಕ್ಕಾ. ಕೂಸಿನ ಗಂಟು ಮೈ ಮ್ಯಾಲೇ ಇರಬೇಕು" ಎಂದಳು.

ದೆಹಲಿಯ ನಿಲ್ದಾಣದಲ್ಲಿ ಕೂಸಿನ ಬಟ್ಟೆಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಕೈಬಿಟ್ಟ ನಾವು, ಓದು ಬರಹ ಬಲ್ಲವರು. ಎಷ್ಟೋ ಪುಸ್ತಕಗಳು ಹೇಳುವ ಮಾತನ್ನು ಆಕೆ ನಡುವಿಗೆ ಕಟ್ಟಿಕೊಂಡಿದ್ದಳು. ಅಂದಿನಿಂದ ನಮ್ಮ ಮಗಳು ಎಲ್ಲಿಗೆ ಹೊರಟರೂ ಕೂಸಿನದೇ ಒಂದು ಚಿಕ್ಕ ಚೀಲವನ್ನು ಹೆಗಲಿನಿಂದ ಇಳಿಸುವುದಿಲ್ಲ. ಎರಡು ಹೊತ್ತಿಗೆ ಹೆಚ್ಚಾಗುವಷ್ಟು ಆಹಾರ, ಎರಡು ಜೊತೆ ಬಟ್ಟೆ, ವೈದ್ಯರು ಬರೆದ ಔಷಧ, ಲಸಿಕೆಯ ದಾಖಲೆ ಅದರಲ್ಲಿರುತ್ತವೆ. ಹಿರಿಯ ಮೊಮ್ಮಗನ ಕಿಸೆಯಲ್ಲಿ ತಂದೆ ತಾಯಿಯ ಫೋನ್ ಸಂಖ್ಯೆ ಬರೆದ ಚೀಟಿ ಇರುತ್ತದೆ. ಜನಜಂಗುಳಿಯಲ್ಲಿ ಮಗು ತಪ್ಪಿಸಿಕೊಂಡರೆ ಮಕ್ಕಳ ಸಹಾಯವಾಣಿ 1098 ಎಂಬುದನ್ನು ಹಿರಿಯರೆಲ್ಲ ನೆನಪಿಡಬೇಕು.

ನಾವು ಆ ತಾಯಿಗೆ ಎರಡು ಮಾತು ಹೇಳಿದೆವು. ಕೂಸಿನ ಉಳಿದ ಲಸಿಕೆಗಳನ್ನು ಹೋದಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿಯೂ ಹಾಕಿಸಬಹುದು. ಅಲ್ಲಿಯ ಅಂಗನವಾಡಿಯಲ್ಲಿ ಹೆಸರು ಬರೆಸಲು ಕೇಳಬಹುದು. ದೊಡ್ಡ ಮಗನನ್ನು ಶಾಲೆ ಬಿಡಿಸಿ ಕರೆದೊಯ್ಯುತ್ತಿದ್ದೀರಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತು. ಬಿಟ್ಟು ಹೋಗಲು ಊರಿನಲ್ಲಿ ಯಾರಿದ್ದಾರೆಂದು ಆಕೆ ಕೇಳಿದರೆ ನಮ್ಮಲ್ಲಿ ಉತ್ತರವಿರಲಿಲ್ಲ. ದೇವದುರ್ಗ, ಮಾನವಿಗಳಲ್ಲಿ ಮನೆ ಮಠವುಳ್ಳ ನಮ್ಮ ಸಮಾಜದ ಬಂಧುಗಳು ಗುಳೆ ಹೋಗುವವರ ಮಕ್ಕಳಿಗೆ ಆ ತಿಂಗಳುಗಳಲ್ಲಿ ಒಂದು ತಟ್ಟೆ ಊಟ, ಮಲಗಲು ಒಂದು ಜಾಗ ಒದಗಿಸುವುದು ಆಗದ ಕೆಲಸವೇನಲ್ಲ. ಜಾವಳದ ಹೋಳಿಗೆಯನ್ನು ಓಣಿಯ ಮಕ್ಕಳು ಉಂಡ ದಿನ ಇದನ್ನು ನಾವು ಬೀಗರೊಂದಿಗೆ ಮಾತಾಡಿದ್ದೇವೆ. ನೀವೂ ನಿಮ್ಮ ಮನೆಗಳಲ್ಲಿ ಮಾತಾಡಿರಿ.

ರೈಲು ಬಂದಿತು. ಹತ್ತುವ ಮೊದಲು ಮಗಳು ಕೂಸಿನ ಮೂಗು, ಹಣೆ ಮುಟ್ಟಿ ನೋಡಿ ನಮ್ಮ ಕಡೆ ತಿರುಗಿದಳು. ನಾವು ಏನೂ ಹೇಳಲಿಲ್ಲ. "ಹೊರಡೋಣ" ಎಂದು ಅವಳೇ ಹೇಳುವವರೆಗೆ ಕಾದೆವು.

ಓದುಗ ತಾಯಂದಿರೇ, ಪ್ರಯಾಣದ ದಿನ ನಿಮ್ಮ ಮನಸ್ಸು ಬೇಡವೆಂದರೆ ಬೇಡವೆಂದು ಬಾಯಿಬಿಟ್ಟು ಹೇಳಿರಿ. ಹಿರಿಯರೇ, ಅವರು ಹೇಳುವವರೆಗೆ ಕಾಯದೆ ನೀವೇ ಕೇಳಿರಿ. ಟಿಕೆಟ್ಟಿನ ದುಡ್ಡು ಹೋದರೆ ಮತ್ತೆ ದುಡಿಯಬಹುದು, ದಿನ ತಪ್ಪಿದರೆ ಮತ್ತೊಂದು ದಿನ ಬರುತ್ತದೆ. ಸವಾರಿ ಬಂಡಿಯನ್ನು ಬೇವಿನ ನೆರಳಿನಲ್ಲಿ ನಿಲ್ಲಿಸುತ್ತಿದ್ದ ನಮ್ಮ ಹಿರಿಯರಿಗೆ ಊರು ಸೇರುವ ಅವಸರ ಇರಲಿಲ್ಲವೆಂದಲ್ಲ. ಕೂಸು ಸುಖವಾಗಿ ಸೇರಿದರೆ ಮಾತ್ರ ಊರು ಸೇರಿದಂತೆ ಎಂಬುದನ್ನು ಅವರು ಬಲ್ಲವರಾಗಿದ್ದರು.